ಒಂಟಿ ತೋಳ ಒಂಟಿಯಾಗಿ ಇರೋಕೆ ಹೊರಟಿದ್ದಲ್ಲ

ನಿಮ್ಮ ಹಾಸ್ಟೆಲ್ ಗ್ರೂಪ್ ತೆಗೆದು ಒಂದು ಸಲ ಎಣಿಸಿ ನೋಡಿ, ಎಷ್ಟು ಜನರ ಡಿಪಿಯಲ್ಲಿ ತೋಳ ಇದೆ ಅಂತ. ನಾನು ಎಣಿಸಿದೆ. ನಮ್ಮ ಫ್ಲೋರ್‌ನಲ್ಲೇ ಐದು. ಹಿಮದ ಮೇಲೆ ನಿಂತ ತೋಳ, ಹಿಂದೆ ತಟ್ಟೆಯಷ್ಟು ದೊಡ್ಡ ಚಂದ್ರ, ಕೆಳಗೆ ಇಂಗ್ಲಿಷಿನಲ್ಲಿ 'ನನಗೆ ಯಾರೂ ಬೇಕಾಗಿಲ್ಲ' ಅನ್ನೋ ಅರ್ಥದ ಒಂದು ಸಾಲು. ಹಾಕಿಕೊಂಡವರು ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಕಡೆಯ ಹುಡುಗರು. ಹಿಮ ಕಣ್ಣಿಂದ ನೋಡಿದವರು ಒಬ್ಬರೂ ಇಲ್ಲ.

ತಮಾಷೆ ಏನಂದ್ರೆ, ತೋಳ ನಮಗೆ ಹೊರಗಿನ ಪ್ರಾಣಿಯೇ ಅಲ್ಲ. ಕಿತ್ತೂರಿನಿಂದ ಪಶ್ಚಿಮಕ್ಕೆ ಹೋದರೆ ಮಲೆನಾಡಿನ ಸೆರಗು ಶುರುವಾಗುತ್ತೆ. ಪೂರ್ವಕ್ಕೆ ತಿರುಗಿದರೆ ಬೈಲಹೊಂಗಲದ ಎರೆ ಹೊಲ, ಆಮೇಲೆ ಸವದತ್ತಿಯ ಕಲ್ಲುಗುಡ್ಡ, ಮಲಪ್ರಭೆಯ ಗುಂಟ ಹೋದರೆ ರಾಮದುರ್ಗದ ಒಣ ಬಯಲು. ಭಾರತದ ತೋಳ ದಟ್ಟ ಕಾಡಿನ ಪ್ರಾಣಿ ಅಲ್ಲ. ಅದಕ್ಕೆ ಬೇಕಾಗಿರೋದು ಹೀಗೆ ತೆರೆದ ನೆಲ, ಕುರುಚಲು ಗಿಡ, ಹುಲ್ಲು, ಕುರಿಹಿಂಡು ಅಡ್ಡಾಡೋ ಬಯಲುಸೀಮೆ. ಡಿಪಿಯಲ್ಲಿ ಇರೋ ತೋಳ ಅಲಾಸ್ಕಾದ್ದು. ನಮ್ಮದು ಅದಕ್ಕಿಂತ ಸಣ್ಣದು, ಕಂದು-ಬೂದು ಬಣ್ಣ, ಮೈಮೇಲೆ ಅಷ್ಟು ಕೂದಲಿಲ್ಲ, 20 ಕಿಲೋ ಆಸುಪಾಸು ತೂಕ. ದೂರದಿಂದ ನೋಡಿದರೆ ಬಡಕಲು ನಾಯಿ ಅಂದುಕೊಂಡು ಬಿಟ್ಟುಬಿಡ್ತೀರಿ.

ಈ ಲೇಖನ ಬರೆಯೋಕೆ ಕಾರಣ ಆ ಡಿಪಿಗಳೇ. 'ಲೋನ್ ವುಲ್ಫ್' ಅನ್ನೋ ಮಾತನ್ನ ನಾವು ತಪ್ಪಾಗಿ ಅರ್ಥ ಮಾಡಿಕೊಂಡಿದ್ದೇವೆ, ಮತ್ತು ಆ ತಪ್ಪಿನಿಂದ ನಮ್ಮಲ್ಲೇ ಕೆಲವರಿಗೆ ಪೆಟ್ಟು ಬೀಳ್ತಿದೆ ಅನ್ನೋದು ನನ್ನ ಅಭಿಪ್ರಾಯ.

ಹೋದ ವರ್ಷ ಸೆಮ್ ರಜೆಯಲ್ಲಿ ರಾಮದುರ್ಗ ಕಡೆ ಸಂಬಂಧಿಕರ ಊರಿಗೆ ಹೋಗಿದ್ದೆ. ಸುಗ್ಗಿ ಮುಗಿದ ಹೊಲದಲ್ಲಿ ಗೊಬ್ಬರಕ್ಕೆ ಅಂತ ಕುರಿಹಿಂಡು ನಿಲ್ಲಿಸಿದ್ದರು. ಸಂಜೆ ಕುರಿಗಾರ ಅಜ್ಜನ ಹತ್ತಿರ ಕೂತು ಮಾತಾಡ್ತಾ ಕೇಳಿದೆ: "ಅಜ್ಜಾ, ತ್ವಾಳ ಒಂದ ಬರತೈತೋ, ಗುಂಪು ಕಟಗೊಂಡು ಬರತಾವೋ?"

"ಎರಡೂ ಅದಾವ ತಮ್ಮಾ. ಗುಂಪು ಬಂದ್ರ ಒಂದು ಮನೆತನಾನ ಬಂತು ಅಂತ ತಿಳಿ. ಒಂದ ಬಂತಂದ್ರ, ಅದು ಇನ್ನಾ ಮನಿ ಹುಡುಕಾಕ್ಹತ್ತೈತಿ ಅಂತ ತಿಳಿ."

ಅಷ್ಟು ಹೇಳಿ ಅಜ್ಜ ಬೀಡಿ ಹಚ್ಚಿದ. ನಾನು ವಾಪಸ್ ಬಂದು ಹುಡುಕಿ ಓದಿದ ಮೇಲೆ ಗೊತ್ತಾಯ್ತು, ತೋಳದ ಬಗ್ಗೆ ವಿಜ್ಞಾನಿಗಳು ಅರ್ಧ ಶತಮಾನ ತಗೊಂಡು ತಿಳಿದ ಮಾತನ್ನೇ ಆತ ಎರಡು ವಾಕ್ಯದಲ್ಲಿ ಹೇಳಿದ್ದ.

ತೋಳದ ಗುಂಪು ಅಂದ್ರೆ ಗ್ಯಾಂಗ್ ಅಲ್ಲ, ಸಂಸಾರ. ಅಪ್ಪ, ಅವ್ವ, ಈ ವರ್ಷದ ಮರಿಗಳು, ಹಿಂದಿನ ಒಂದೆರಡು ವರ್ಷದ ದೊಡ್ಡ ಮಕ್ಕಳು. 'ಆಲ್ಫಾ' ಅನ್ನೋ ಕಲ್ಪನೆ ಬಂದಿದ್ದು ಬೇರೆ ಕಡೆಯಿಂದ. ಸ್ವಿಟ್ಜರ್ಲೆಂಡಿನ ಬಾಸೆಲ್ ಮೃಗಾಲಯದ ತೋಳಗಳನ್ನ ನೋಡಿ ರುಡಾಲ್ಫ್ ಶೆಂಕೆಲ್ 1947ರಲ್ಲಿ ಒಂದು ಪ್ರಬಂಧ ಬರೆದರು. ಅಲ್ಲಿ ಅವು ಮೇಲು-ಕೀಳಿಗಾಗಿ ಕಚ್ಚಾಡ್ತಿದ್ದವು. ಅಮೆರಿಕದ ಡೇವಿಡ್ ಮೆಕ್ 1970ರ ತಮ್ಮ ಪುಸ್ತಕದಲ್ಲಿ ಆ ಮಾತನ್ನ ಮುಂದುವರಿಸಿದರು, ಜಗತ್ತೆಲ್ಲ ನಂಬಿತು. ಆಮೇಲೆ ಅದೇ ಮೆಕ್ ಕಾಡಿನ ತೋಳಗಳನ್ನ ವರ್ಷಗಟ್ಟಲೆ ಹತ್ತಿರದಿಂದ ನೋಡಿ, 1999ರಲ್ಲಿ 'ಇದು ಸರಿಯಲ್ಲ, ನಾಯಕ ಅಂತ ನಾವು ಕರೆದದ್ದು ಬರೀ ತಂದೆ-ತಾಯಿ' ಅಂತ ಬರೆದರು. ತಮ್ಮ ಹಳೇ ಪುಸ್ತಕ ಮತ್ತೆ ಅಚ್ಚು ಹಾಕಬೇಡಿ ಅಂತ ಪ್ರಕಾಶಕರಿಗೆ ವರ್ಷಗಟ್ಟಲೆ ಕೇಳಿಕೊಂಡರು. ಒಬ್ಬ ವಿಜ್ಞಾನಿ ತನ್ನ ಮಾತನ್ನ ತಾನೇ ವಾಪಸ್ ತಗೊಂಡ, ಆದರೆ ರೀಲ್ಸ್ ಮಾಡೋರು ಇನ್ನೂ ತಗೊಂಡಿಲ್ಲ.

ಮತ್ತೆ ಆ ಮೃಗಾಲಯದಲ್ಲಿ ಯಾಕೆ ಕಚ್ಚಾಟ? ಒಂದು ಆವರಣದೊಳಗೆ ಕೂಡಿಹಾಕಿದರೆ ದೊಡ್ಡವಾದ ತೋಳಕ್ಕೆ ಬಿಟ್ಟು ಹೋಗೋ ದಾರಿ ಇಲ್ಲ. ಸಂಸಾರದ ಲೆಕ್ಕ ಅಲ್ಲಿ ನಡೆಯಲ್ಲ. ಮೊದಲ ಸೆಮ್‌ನ ಹಾಸ್ಟೆಲ್ ನೆನಪಿಸಿಕೊಳ್ಳಿ, ಅರ್ಥ ಆಗುತ್ತೆ.

ಹಾಗಾದರೆ ಕೆಲವು ತೋಳ ಯಾಕೆ ಮನೆ ಬಿಡ್ತಾವೆ? ಸಾಮಾನ್ಯವಾಗಿ ಒಂದರಿಂದ ಮೂರು ವರ್ಷದ ವಯಸ್ಸಿನಲ್ಲಿ, ಗಂಡೂ ಹೆಣ್ಣೂ ಎರಡೂ ಹೊರಡ್ತಾವೆ. ನಮ್ಮ ಲೆಕ್ಕದಲ್ಲಿ ಹೇಳೋದಾದ್ರೆ ಪಿಯುಸಿ ಮುಗಿದ ವಯಸ್ಸು. ಮುಖ್ಯ ಕಾರಣ ಸಂಗಾತಿ. ಗುಂಪಿನಲ್ಲಿ ಇರೋರೆಲ್ಲ ಅಪ್ಪ, ಅವ್ವ, ಅಣ್ಣ, ತಂಗಿ. ಅಲ್ಲೇ ಉಳಿದರೆ ಮುಂದೆ ತನ್ನದೊಂದು ಸಂಸಾರ ಇಲ್ಲ. ಎರಡನೇದು ಊಟ. ಒಂದು ಕೃಷ್ಣಮೃಗವೋ ಆಡೋ ಸಿಕ್ಕರೆ ಎಷ್ಟು ಬಾಯಿಗೆ ಸಾಲುತ್ತೆ? ಬೇಟೆ ಕಮ್ಮಿ ಆದ ವರ್ಷ ಮೊದಲು ಬೀಳೋ ಪಾಲು ಚಿಕ್ಕ ಮರಿಗಳದ್ದು, ಕೊನೆಗೆ ಉಳಿಯೋದು ದೊಡ್ಡ ಮಕ್ಕಳದ್ದು. ಮೂರನೇದು ಜಾಗ. ಒಂದೊಂದು ಸಂಸಾರಕ್ಕೂ ಒಂದೊಂದು ಸೀಮೆ ಇರುತ್ತೆ. ಎಲ್ಲೋ ಒಂದು ಸೀಮೆ ಖಾಲಿ ಇರಬಹುದು ಅನ್ನೋ ಆಸೆಯಿಂದ ಹುಡುಕೋಕೆ ಹೊರಡ್ತಾವೆ.

ಎಲ್ಲವೂ ಹೋಗಲ್ಲ. ಕೆಲವು ಮನೆಯಲ್ಲೇ ಉಳಿದು ತಮ್ಮ-ತಂಗಿಯರನ್ನ ಸಾಕೋಕೆ ಕೈಜೋಡಿಸ್ತಾವೆ. ಮುಂದೆ ಅಪ್ಪನದ್ದೋ ಅವ್ವನದ್ದೋ ಜಾಗ ತುಂಬೋದೂ ಉಂಟು. ಊರಲ್ಲೇ ಉಳಿದು ಒಕ್ಕಲುತನ ನೋಡಿಕೊಳ್ಳೋ ನಮ್ಮ ಅಣ್ಣಂದಿರ ಹಾಗೆ. ಅವರನ್ನ ಯಾರೂ ಡಿಪಿಗೆ ಹಾಕಲ್ಲ.

ಹೊರಟ ತೋಳದ ದಿನಗಳು ಪೋಸ್ಟರ್‌ನಲ್ಲಿ ಇದ್ದ ಹಾಗೆ ಇರಲ್ಲ. ಒಂಟಿ ತೋಳ ಊಳಿಡೋದು ಕಮ್ಮಿ. ಊಳಿಟ್ಟರೆ ಆ ಸೀಮೆಯ ಗುಂಪಿಗೆ ಗೊತ್ತಾಗುತ್ತೆ, ಬಂದು ಕೊಂದೂ ಬಿಡಬಹುದು. ವಾಸನೆಯ ಗುರುತನ್ನೂ ಹೆಚ್ಚು ಬಿಡಲ್ಲ. ಚಂದ್ರನ ಮುಂದೆ ಎದೆಯುಬ್ಬಿಸಿ ಕೂಗೋ ಚಿತ್ರ ಇದೆಯಲ್ಲ, ನಿಜವಾದ ಒಂಟಿ ತೋಳ ಮಾಡದೇ ಇರೋ ಕೆಲಸವೇ ಅದು. ದೊಡ್ಡ ಬೇಟೆ ಒಬ್ಬನಿಂದ ಆಗೋದು ಕಷ್ಟ, ಹಾಗಾಗಿ ಮೊಲ, ಇಲಿ, ಸಿಕ್ಕರೆ ಕುರಿಮರಿ. ರಸ್ತೆಯಲ್ಲಿ ಲಾರಿ, ಊರಲ್ಲಿ ನಾಯಿ. 'ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು' ಅಂತ ಗಾದೆ ಇರೋದು ನಮ್ಮಲ್ಲೇ. ಮನೆ ಬಿಟ್ಟ ತೋಳಗಳು ಸಾಯೋ ಪ್ರಮಾಣ ಮನೆಯಲ್ಲಿ ಇದ್ದವುಗಳಿಗಿಂತ ಹೆಚ್ಚು.

ಆದರೂ ಹೊರಡ್ತಾವೆ. ಯಾಕೆ ಅನ್ನೋಕೆ ಎರಡು ನಿಜವಾದ ತೋಳಗಳ ಕಥೆ ಹೇಳ್ತೀನಿ.

ಒಂದರ ಹೆಸರು ಸ್ಲಾವ್ಚ್. ಸ್ಲೊವೇನಿಯಾದ ಗಂಡು ತೋಳ. 2011ರ ಬೇಸಿಗೆಯಲ್ಲಿ ಅದಕ್ಕೆ ಜಿಪಿಎಸ್ ಕಾಲರ್ ಹಾಕಿದರು, ಡಿಸೆಂಬರ್‌ನಲ್ಲಿ ಅದು ಮನೆ ಬಿಟ್ಟಿತು. ಹೆದ್ದಾರಿ ದಾಟಿ, ದ್ರಾವಾ ನದಿ ಈಜಿ, ಆಸ್ಟ್ರಿಯಾ ಹೊಕ್ಕು, ಚಳಿಗಾಲದ ಆಲ್ಪ್ಸ್ ಹಿಮ ತುಳಿದು, ಸಾವಿರ ಕಿಲೋಮೀಟರ್‌ಗಿಂತ ಹೆಚ್ಚು ನಡೆದು 2012ರ ವಸಂತದಲ್ಲಿ ಇಟಲಿಯ ವೆರೋನಾ ಹತ್ತಿರದ ಲೆಸ್ಸೀನಿಯಾ ಬೆಟ್ಟಕ್ಕೆ ಬಂದು ನಿಂತಿತು. ಯಾಕೆ ಅಲ್ಲೇ ನಿಂತಿತು? ಅಲ್ಲಿ ಒಂದು ಹೆಣ್ಣು ತೋಳ ಇತ್ತು, ಅದೂ ಒಂಟಿ. ವೆರೋನಾ ಅಂದ ಮೇಲೆ ಜನ ಸುಮ್ಮನಿರ್ತಾರಾ, ಅದಕ್ಕೆ ಜೂಲಿಯೆಟ್ ಅಂತ ಹೆಸರಿಟ್ಟರು. 2013ರಲ್ಲಿ ಮರಿ ಆದವು. ನೂರು ವರ್ಷಕ್ಕೂ ಹೆಚ್ಚು ಕಾಲ ತೋಳದ ಸಂಸಾರ ಕಾಣದಿದ್ದ ಬೆಟ್ಟ ಅದು.

ಇನ್ನೊಂದು ಅಮೆರಿಕದ ಓಆರ್-7. 2011ರಲ್ಲಿ ಒರೆಗಾನ್‌ನ ತನ್ನ ಗುಂಪು ಬಿಟ್ಟು ಡಿಸೆಂಬರ್ ಕೊನೆಗೆ ಕ್ಯಾಲಿಫೋರ್ನಿಯಾ ದಾಟಿತು. 1924ರ ನಂತರ ಆ ರಾಜ್ಯದಲ್ಲಿ ದಾಖಲಾದ ಮೊದಲ ಕಾಡುತೋಳ. ಪೇಪರ್‌ಗಳಲ್ಲೆಲ್ಲ ಅದೇ ಸುದ್ದಿ. ಎರಡು ವರ್ಷಕ್ಕೂ ಹೆಚ್ಚು ಅಲೆದು, 2014ರಲ್ಲಿ ಒರೆಗಾನ್‌ನ ಇನ್ನೊಂದು ಮೂಲೆಯಲ್ಲಿ ಸಂಗಾತಿ ಸಿಕ್ಕು, ಮರಿ ಹಾಕಿಸಿ, ಸಂಸಾರ ಹೂಡಿತು. ಅಲ್ಲಿಗೆ ಅಲೆದಾಟ ಮುಗೀತು. ಜಗತ್ತಿನ ಅತಿ ಪ್ರಸಿದ್ಧ ಒಂಟಿ ತೋಳ ಮೊದಲ ಅವಕಾಶ ಸಿಕ್ಕ ಕೂಡಲೇ ಒಂಟಿಯಾಗಿರೋದನ್ನ ಬಿಟ್ಟುಬಿಡ್ತು!

ಅಜ್ಜ ಹೇಳಿದ್ದು ಇದೇ. ಒಂಟಿ ತೋಳ ಅಂದ್ರೆ ಒಂದು ಜಾತಿ ಅಲ್ಲ, ಒಂದು ಸ್ವಭಾವವೂ ಅಲ್ಲ. ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗೋ ನಡುವಿನ ದಾರಿ.

ಆ ದಾರಿಯಿಂದ ಬೇರೆಯವರಿಗೂ ಉಪಕಾರ ಇದೆ. ಸ್ವೀಡನ್‌ನಲ್ಲಿ 1980ರ ದಶಕದಲ್ಲಿ ಹತ್ತಕ್ಕಿಂತ ಕಮ್ಮಿ ತೋಳಗಳು ಉಳಿದಿದ್ದವು, ಎಲ್ಲ ಒಂದೇ ರಕ್ತ, ಸಂಖ್ಯೆ ಬೆಳೀತಾನೇ ಇರಲಿಲ್ಲ. 1991ರ ಸುಮಾರಿಗೆ ಪೂರ್ವದಿಂದ ಒಂದೇ ಒಂದು ಗಂಡು ತೋಳ ನಡೆದು ಬಂದು ಸೇರಿತು. ಮುಂದಿನ ಹತ್ತು ವರ್ಷದಲ್ಲಿ ಸಂಖ್ಯೆ ನೂರರ ಹತ್ತಿರ ಹೋಯ್ತು. ಹೊರಗಿನಿಂದ ಬಂದ ಒಬ್ಬ ಸೋತು ಹೋಗ್ತಿದ್ದ ಊರನ್ನೇ ಎತ್ತಿ ನಿಲ್ಲಿಸಿದ ಹಾಗೆ.

ಈಗ ನಮ್ಮ ಹಾಸ್ಟೆಲ್‌ಗೆ ಬರ್ತೀನಿ.

ಮೂರನೇ ಸೆಮ್‌ನಲ್ಲಿ ನಮ್ಮ ಪಕ್ಕದ ರೂಮಿನಲ್ಲಿ ಸವದತ್ತಿ ಕಡೆಯ ಒಬ್ಬ ಹುಡುಗ ಇದ್ದ. ಹತ್ತನೇ ತನಕ ಕನ್ನಡ ಮೀಡಿಯಂ, ಒಳ್ಳೇ ಮಾರ್ಕ್ಸ್ ತಗೊಂಡು ಬಂದವನು. ಮೊದಲ ವರ್ಷ ಎಲ್ಲರ ಜೊತೆ ಇದ್ದ. ಆಮೇಲೆ ಮೆಸ್‌ಗೆ ಎಲ್ಲರೂ ಎದ್ದು ಹೋದ ಮೇಲೆ ಬರೋಕೆ ಶುರು ಮಾಡಿದ. ಕ್ಲಾಸಿನಲ್ಲಿ ಕೊನೇ ಬೆಂಚು. ಕರೆದರೆ "ನೀವು ಹೋಗ್ರಿಲೇ, ನಾ ಆಮ್ಯಾಲ ಬರ್ತೀನಿ" ಅಂತಿದ್ದ. ಡಿಪಿಗೆ ತೋಳ ಬಂತು. ನಾವು ಏನಂದ್ವಿ? "ಅವಾ ಲೋನ್ ವುಲ್ಫ್ ಬಿಡೋ ಮಾರಾಯಾ." ಅಂದು ನಕ್ಕು ಕ್ರಿಕೆಟ್ ಆಡೋಕೆ ಹೋದ್ವಿ. ಆ ಮಾತಿನಲ್ಲಿ ಸ್ವಲ್ಪ ಗೌರವವೂ ಇತ್ತು ಅನ್ನೋದೇ ಈಗ ನಾಚಿಕೆ ಅನ್ನಿಸೋದು.

ರಿಸಲ್ಟ್ ಬಂದಾಗ ನಾಲ್ಕು ಬ್ಯಾಕ್‌ಲಾಗ್. ಒಂದು ದಿನ ಬೆಳಿಗ್ಗೆ ಅವರಪ್ಪ ಬಂದು ಟ್ರಂಕ್ ಕಟ್ಟಿಸ್ತಿದ್ದರು. ನಾನು ಬಾಗಿಲಲ್ಲಿ ನಿಂತಿದ್ದೆ. ಅವರು ನನ್ನ ಕಡೆ ತಿರುಗಿ ಕೇಳಿದರು: "ತಮ್ಮಾ, ನಮ್ಮ ಹುಡುಗ ಇಲ್ಲಿ ಯಾರ ಜೋಡಿ ಇರತಿದ್ದ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಎರಡು ಗೋಡೆ ಆಚೆ ಮಲಗ್ತಿದ್ದವನು ನಾನು.

ಅವನು ಈಗ ಊರಲ್ಲಿ ಇದಾನೆ, ಫೋನ್ ಮಾಡಿದರೆ ಎತ್ತುತಾನೆ. ಇದನ್ನ ಬರೆಯಲಾ ಅಂತ ಕೇಳಿದೆ. "ಬರಿ, ಹೆಸರು ಹಾಕಬ್ಯಾಡ" ಅಂದ. ಆಮೇಲೆ ತಾನೇ ಒಂದು ಮಾತು ಹೇಳಿದ: "ಡಿಪಿ ಹಾಕಿದ್ದು ಯಾರೂ ಬ್ಯಾಡಂತಲ್ಲೋ. ಯಾರೂ ಬರ್ಲಿಲ್ಲಲ್ಲ, ಅದಕ್ಕ ನಾನ ಬ್ಯಾಡಂದೆ ಅಂತ ಅನ್ನಿಸ್ಲಿ ಅಂತ."

ನನ್ನ ವಾದ ಎಲ್ಲ ಈ ಮಾತಿನಲ್ಲೇ ಇದೆ. ಮನೆ ಬಿಟ್ಟ ತೋಳ ಏನೋ ಹುಡುಕ್ತಾ ಇರುತ್ತೆ. ರೂಮಿನ ಬಾಗಿಲು ಹಾಕಿಕೊಂಡ ಹುಡುಗ ಹುಡುಕೋದನ್ನ ನಿಲ್ಲಿಸಿರ್ತಾನೆ. ಎರಡಕ್ಕೂ ನಾವು ಒಂದೇ ಹೆಸರು ಕೊಟ್ಟೆವು, ಮತ್ತು ಆ ಹೆಸರು ಕೇಳೋಕೆ ಚೆನ್ನಾಗಿ ಇದ್ದಿದ್ದರಿಂದ ನಮ್ಮ ಕೆಲಸ ಹಗುರಾಯ್ತು. 'ಅವನಿಗೆ ಬೇಜಾರಾಗಿದೆ' ಅಂದಿದ್ದರೆ ಹೋಗಿ ಮಾತಾಡಿಸಬೇಕಿತ್ತು. 'ಅವನು ಲೋನ್ ವುಲ್ಫ್' ಅಂದರೆ ಏನೂ ಮಾಡಬೇಕಾಗಿಲ್ಲ.

ಕೆಲವರು ಕೇಳ್ತೀರಿ: ಒಬ್ಬನೇ ಇರೋದು ತಪ್ಪಾ? ಖಂಡಿತ ಅಲ್ಲ. ಲೈಬ್ರರಿಯ ಮೂಲೆಯಲ್ಲಿ ಒಬ್ಬನೇ ಕೂತು ಖುಷಿಯಾಗಿ ಇರೋರು ನಮ್ಮಲ್ಲಿ ಬೇಕಾದಷ್ಟು ಜನ. ಗುಂಪು ಅಂದ ಮಾತ್ರಕ್ಕೆ ಒಳ್ಳೇದೂ ಅಲ್ಲ. ಜೂನಿಯರ್‌ಗಳನ್ನ ಕಾಡೋ ಗುಂಪು ಬಿಟ್ಟು ಒಬ್ಬನೇ ನಡೆಯೋನು ನಿಜಕ್ಕೂ ಧೈರ್ಯವಂತ. ಮತ್ತೆ, ತೋಳ ಮಾಡಿದ್ದನ್ನೆಲ್ಲ ಮನುಷ್ಯ ಮಾಡಬೇಕು ಅಂತಲೂ ಇಲ್ಲ. ತೋಳವನ್ನ ಮೊದಲು ಎಳೆದು ತಂದಿದ್ದು ಡಿಪಿ ಹಾಕಿದವರು. ತಂದ ಮೇಲೆ ಅದರ ಪೂರ್ತಿ ಕಥೆ ಕೇಳಿ ಅಂತಷ್ಟೇ ನಾನು ಹೇಳ್ತಿರೋದು. ಪರೀಕ್ಷೆ ಸುಲಭ ಇದೆ. ಒಬ್ಬನೇ ಇರೋನು ಏನೋ ಒಂದರ ಕಡೆ ಹೋಗ್ತಿದಾನಾ, ಏನೋ ಒಂದರಿಂದ ಅಡಗಿ ಕೂತಿದಾನಾ? ಗೊತ್ತಾಗಲಿಲ್ಲ ಅಂದ್ರೆ ಬಾಗಿಲು ತಟ್ಟಿ ಕೇಳಬೇಕು, ಬೇರೆ ದಾರಿ ಇಲ್ಲ.

ನಮ್ಮ ಕಡೆಯ ವೀರರನ್ನೂ ಈಗ ಒಂಟಿಯಾಗಿಯೇ ಎಡಿಟ್ ಮಾಡ್ತಾರೆ. ಖಡ್ಗ ಹಿಡಿದ ಸಂಗೊಳ್ಳಿ ರಾಯಣ್ಣ, ಹಿಂದೆ ಬೆಂಕಿ, ಸುತ್ತ ಯಾರೂ ಇಲ್ಲ. ಇತಿಹಾಸ ಹಾಗಿಲ್ಲ. ಕಿತ್ತೂರು ಬಿದ್ದು, ಚೆನ್ನಮ್ಮ ಬೈಲಹೊಂಗಲದ ಕೋಟೆಯಲ್ಲಿ ಸೆರೆಯಲ್ಲೇ 1829ರಲ್ಲಿ ತೀರಿಕೊಂಡರು. ಆಗ ರಾಯಣ್ಣ ಮಾಡಿದ್ದು ಒಬ್ಬನೇ ಕಾಡು ಸೇರಿದ್ದಲ್ಲ. ಹಳ್ಳಿಹಳ್ಳಿಯಿಂದ ಜನ ಕೂಡಿಸಿ ಪಡೆ ಕಟ್ಟಿದ್ದು. 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿಸಿದ್ದು ಆ ಪಡೆಯ ಭಯಕ್ಕೆ. ಒಬ್ಬ ಒಂಟಿ ಮನುಷ್ಯನಿಗೆ ಕಂಪನಿ ಸರ್ಕಾರ ಅಷ್ಟು ಹೆದರ್ತಿರಲಿಲ್ಲ.

ಇನ್ನೊಂದು ವಿಷಯ ಇದೆ. ಅದು ನಮ್ಮ ಓದಿಗೇ ಸಂಬಂಧಪಟ್ಟಿದ್ದು.

ಹೊರಟ ತೋಳ ತಲುಪಬೇಕು ಅಂದ್ರೆ ದಾರಿ ಇರಬೇಕು. ಅಮೆರಿಕದ ಸುಪೀರಿಯರ್ ಸರೋವರದಲ್ಲಿ ಐಲ್ ರಾಯಲ್ ಅಂತ ಒಂದು ದ್ವೀಪ. ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟಿದಾಗ ತೋಳ ಮಂಜಿನ ಮೇಲೆ ನಡೆದು ಹೋಗ್ತಿದ್ದವು. 1997ರಲ್ಲಿ ಹಾಗೆ ಬಂದ ಒಂದೇ ಗಂಡು ತೋಳ ಅಲ್ಲಿನ ಸಂತತಿಗೆ ಹೊಸ ರಕ್ತ ಕೊಟ್ಟಿತು. ಆಮೇಲೆ ಮಂಜುಗಟ್ಟೋದು ಕಮ್ಮಿಯಾಯ್ತು, ಬರೋರು ನಿಂತರು. 2018ರ ಹೊತ್ತಿಗೆ ದ್ವೀಪದಲ್ಲಿ ಉಳಿದಿದ್ದು ಎರಡೇ ತೋಳ. ಅವೂ ಅಪ್ಪ-ಮಗಳು. ಕೊನೆಗೆ ಮನುಷ್ಯರೇ ಬೇರೆ ಕಡೆಯಿಂದ ತೋಳ ತಂದು ಬಿಡಬೇಕಾಯ್ತು.

ನಮ್ಮ ಕಡೆಯ ಮಂಜಿನ ಸೇತುವೆ ಯಾವುದು? ಗಾಯರಾಣ, ಗೋಮಾಳ, ಗುಡ್ಡದ ಇಳಿಜಾರು, ಹಳ್ಳದ ದಂಡೆ. ಉತಾರ ತೆಗೆದು ನೋಡಿದರೆ ಇಂಥ ನೆಲದ ಮುಂದೆ 'ಖರಾಬು' ಅಂತಲೋ 'ಬಂಜರು' ಅಂತಲೋ ಇರುತ್ತೆ. ಜಿಐಎಸ್ ಲ್ಯಾಬ್‌ನಲ್ಲಿ ಮ್ಯಾಪ್ ತೆರೆದರೆ 'ವೇಸ್ಟ್‌ಲ್ಯಾಂಡ್'. ದೇಶದ ಒಣ ಪ್ರದೇಶದ ಇಂಥ ತೆರೆದ ನೈಸರ್ಗಿಕ ನೆಲವನ್ನ ಸಂಶೋಧಕರು ಮ್ಯಾಪ್ ಮಾಡಿದಾಗ ಅದು ಭಾರತದ ಭೂಭಾಗದ ಸುಮಾರು ಹತ್ತರಲ್ಲಿ ಒಂದು ಪಾಲು ಇತ್ತು. ಅದರಲ್ಲಿ ಅಭಯಾರಣ್ಯದಂಥ ರಕ್ಷಣೆ ಇರೋದು 5%ಗಿಂತ ಕಮ್ಮಿ ನೆಲಕ್ಕೆ. ದೇಶದಲ್ಲಿ ಉಳಿದಿರೋ ತೋಳ ಸುಮಾರು 3,000, ಹುಲಿಗಿಂತ ಕಮ್ಮಿ. ಹುಲಿಗೆ ಇರೋ ಹಾಗೆ ವನ್ಯಜೀವಿ ಕಾಯ್ದೆಯ ಒಂದನೇ ಅನುಸೂಚಿ ತೋಳಕ್ಕೂ ಇದೆ. ಆದರೆ ಕಾಯ್ದೆ ಇರೋದು ತೋಳಕ್ಕೆ, ಅದು ನಡೆಯೋ ನೆಲಕ್ಕಲ್ಲ. ಕೊಪ್ಪಳ ಜಿಲ್ಲೆಯ ಬಂಕಾಪುರದಲ್ಲಿ ತೋಳಕ್ಕೆ ಅಂತಲೇ ಧಾಮ ಆಗಿರೋದು ಸಂತೋಷದ ವಿಷಯ. ಆದರೂ ಮನೆ ಬಿಟ್ಟು ಹೊರಟ ತೋಳ ಧಾಮದ ಬೇಲಿಯೊಳಗೆ ನಿಲ್ಲಲ್ಲ.

ಇನ್ನು ಐದು ವರ್ಷಕ್ಕೆ ಈ 'ಖರಾಬು' ನೆಲದ ಮೇಲೆ ಏನು ಬರಬೇಕು ಅಂತ ಡ್ರಾಯಿಂಗ್ ಹಾಕೋರು ಯಾರು? ನಾವೇ. ಸಿವಿಲ್‌ನವರು ರಸ್ತೆ ಹಾಕ್ತೀರಿ, ಎಲೆಕ್ಟ್ರಿಕಲ್‌ನವರು ಸೋಲಾರ್ ಪ್ಲಾಂಟ್ ಮಾಡ್ತೀರಿ. ಬೇಡ ಅಂತ ನಾನು ಹೇಳ್ತಿಲ್ಲ, ಕರೆಂಟೂ ಬೇಕು ರಸ್ತೆಯೂ ಬೇಕು. ಆದರೆ ಗಾಳಿಯಂತ್ರದ ಬುಡದಲ್ಲಿ ಕುರಿ ಮೇಯಬಹುದು; ಸುತ್ತ ತಂತಿ ಬೇಲಿ ಹೊಡೆದ ಸೋಲಾರ್ ಪ್ಲಾಂಟ್‌ನಲ್ಲಿ ಕುರಿಯೂ ಇಲ್ಲ, ಕುರಿಗಾರನೂ ಇಲ್ಲ, ತೋಳವೂ ಇಲ್ಲ. ಎರಡು ಬೇಲಿ ನಡುವೆ ಹಳ್ಳದ ಗುಂಟ ಒಂದು ಪಟ್ಟಿ ನೆಲ ಬಿಡೋಕೆ, ಹೆದ್ದಾರಿ ಕೆಳಗಿನ ಕಲ್ವರ್ಟ್ ಸ್ವಲ್ಪ ಅಗಲ ಮಾಡೋಕೆ ಆಗೋ ಖರ್ಚು ದೊಡ್ಡದಲ್ಲ. ಕಿತ್ತೂರು ಪಕ್ಕ ಹಾದು ಹೋಗೋ 48ನೇ ರಾಷ್ಟ್ರೀಯ ಹೆದ್ದಾರಿಯನ್ನ ರಾತ್ರಿ ಹತ್ತು ನಿಮಿಷ ನಿಂತು ನೋಡಿ, ಒಂದು ಪ್ರಾಣಿ ಅದನ್ನ ಹೇಗೆ ದಾಟಬೇಕು ಅಂತ ನಿಮಗೇ ಅನ್ನಿಸುತ್ತೆ.

ಇದೆಲ್ಲ ಕುರಿ ಕಳಕೊಂಡೋನ ಹತ್ತಿರ ಹೇಳೋದು ಸುಲಭ ಅಲ್ಲ, ಗೊತ್ತಿದೆ. 2024ರಲ್ಲಿ ಉತ್ತರಪ್ರದೇಶದ ಬಹರಾಯಿಚ್‌ನಲ್ಲಿ ಮಕ್ಕಳು ತೀರಿಕೊಂಡಿದ್ದನ್ನೂ ಮರೆಯೋ ಹಾಗಿಲ್ಲ. ತೋಳವನ್ನ ದೇವರು ಮಾಡೋದು ಬೇಡ. ಕುರಿಗಾರ ಅಜ್ಜನಿಗೂ ನಾನು ಕೇಳಿದೆ, "ಸಿಟ್ಟ ಬರೂದಿಲ್ಲೇನು?" ಅಂತ. "ಬರತೈತಿ. ನಾಯಿ ಬಿಡತೀವಿ, ಬೆನ್ನ ಹತ್ತತೀವಿ. ಆದ್ರ ಅದಕೂ ಹೊಟ್ಟಿ ಐತಲ್ಲ. ಅದರ ಪಾಲು ಅದು ಕೇಳತೈತಿ" ಅಂದ. ವರ್ಷಕ್ಕೆ ಒಂದೆರಡು ಕುರಿ ಕಳಕೊಳ್ಳೋ ಮನುಷ್ಯ ಅಷ್ಟು ಅಂದ ಮೇಲೆ, ಒಂದೂ ಕಳಕೊಳ್ಳದ ನಾವು ಒಂದು ಕಲ್ವರ್ಟ್ ಅಗಲ ಮಾಡಬಹುದು.

ನಾವೂ ಮನೆ ಬಿಟ್ಟು ಬಂದವರೇ. ನಸುಕಿನ ಬಸ್ಸಿಗೆ ಅವ್ವ ಕಟ್ಟಿಕೊಟ್ಟ ರೊಟ್ಟಿ ಗಂಟು ಹಿಡಿದು ಹೊರಟಾಗ ನಮ್ಮಲ್ಲಿ ಯಾರೂ ಒಂಟಿಯಾಗಿ ಇರೋಕೆ ಅಂತ ಹೊರಟಿರಲಿಲ್ಲ. ಮುಂದೆ ಪ್ಲೇಸ್‌ಮೆಂಟ್ ಆಗಿ ಬೆಂಗಳೂರಿಗೋ ಪುಣೆಗೋ ಹೋಗ್ತೀವಿ, ಅಲ್ಲಿ ಮತ್ತೆ ಒಂದಷ್ಟು ದಿನ ಒಂಟಿ. ಆ ದಿನಗಳು ಇರುತ್ತವೆ, ಕಷ್ಟ ಇರುತ್ತೆ. ಆದರೆ ಅದನ್ನೇ ಊರು ಅಂದುಕೊಂಡು ಅಲ್ಲೇ ನಿಲ್ಲಬಾರದು ಅಷ್ಟೇ.

ಡಿಪಿ ಬದಲಿಸಿ ಅಂತ ನಾನು ಹೇಳಲ್ಲ. ಇವತ್ತು ರಾತ್ರಿ ಮೆಸ್‌ಗೆ ಇಳಿಯೋ ಮುಂಚೆ ನಿಮ್ಮ ಫ್ಲೋರ್‌ನಲ್ಲಿ ಯಾರ ಬಾಗಿಲು ಹಾಕಿದೆಯೋ ಅದನ್ನ ಒಂದು ಸಲ ತಟ್ಟಿ. "ಊಟಕ್ಕ ಬರ್ತೀಯೇನೋ?" ಅಂತ ಕೇಳಿ. "ನೀವು ಹೋಗ್ರಿ, ನಾ ಆಮ್ಯಾಲ ಬರ್ತೀನಿ" ಅಂದರೆ, ಐದು ನಿಮಿಷ ಅಲ್ಲೇ ನಿಲ್ಲಿ.